ನಾಲ್ವರ ಪಾಲುಗಾರಿಕೆ, ಕೊನೆಯ ಕಚೇರಿ

(ಕಳೆದ ಭಾನುವಾರ ಸಂಜೆ ಮಿಲ್ ಕಾರ್ಮಿಕರ ವಾಚನಾಲಯದಲ್ಲಿ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿಸುವ ಮೊದಲು ಮಾಡಿದ ಭಾಷಣ)



ನಾಟಕದ ಕಂಪನಿಗಳು ಊರಿಗೆ ಬಂದು ಡೇರೆ ಹಾಕಿದಾಗ ಗೋಡೆಗೋಡೆಗೆ 'ಕೊನೆಯ ಆಟ' ಎಂಬ ಕಾಗದ ಹಚ್ಚುತ್ತಿದ್ದುದು ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಕೊನೆಯ ಆಟ ಮುಗಿದ ಮರುದಿನವೇ 'ಜನರ ಒತ್ತಾಯದ ಮೇರೆಗೆ ಇನ್ನೊಂದು ವಾರ' ಎಂಬ ಕಾಗದ ಅದರ ಮೇಲೆ ಬೀಳುತ್ತಿತ್ತು. ನಾವೂ ಆ ಮಾತು ನಂಬಿ ಕೈಸಾಲ ಮಾಡಿ ಟಿಕೇಟು ಕೊಂಡವರೇ. ಇಂದು ನಿಮಗೆ ಕೇಳಿಸಲಿರುವ ತಟ್ಟೆಯ ಹೆಸರೂ 'ಕೊನೆಯ ಕಚೇರಿ' ಎಂದೇ. ಅದೂ ಕೊನೆಯದಾಗಲಿಲ್ಲ, ಆ ಕಥೆಯನ್ನು ಆಮೇಲೆ ಹೇಳುತ್ತೇವೆ. ಆದರೆ ಆ ರಾತ್ರಿ ವೇದಿಕೆಯ ಮೇಲಿದ್ದ ನಾಲ್ವರಿಗೂ ಎದುರಿಗೆ ಕೂತ ಜನಕ್ಕೂ ಇದು ಕೊನೆಯದೆಂದೇ ತಿಳಿದಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಬೇಕು.

1974ನೆಯ ಇಸವಿ ನವೆಂಬರ್ 25, ಸೋಮವಾರ. ಸ್ಥಳ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿದ್ದ ಏವರಿ ಫಿಶರ್ ಹಾಲ್. ಬಾರಿಸಿದವರು ಮಾಡರ್ನ್ ಜಾಜ್ ಕ್ವಾರ್ಟೆಟ್ ಎಂಬ ಮೇಳ. ಕ್ವಾರ್ಟೆಟ್ ಎಂದರೆ ನಾಲ್ವರ ಕೂಟ. ಪಿಯಾನೋಗೆ ಜಾನ್ ಲೂಯಿಸ್, ವೈಬ್ರಾಫೋನಿಗೆ ಮಿಲ್ಟ್ ಜ್ಯಾಕ್ಸನ್, ಬಾಸಿಗೆ ಪರ್ಸಿ ಹೀತ್, ಡ್ರಮ್ಮಿಗೆ ಕಾನಿ ಕೇ. ನಾಲ್ವರೂ ಅಮೆರಿಕದ ಕರಿಯ ಜನ. ಮೊದಲ ಮೂವರು 22 ವರ್ಷ ಜೊತೆಯಾಗಿ ನುಡಿಸಿದವರು. ಕಾನಿ ಕೇ 1955ರಲ್ಲಿ ಬಂದು ಸೇರಿದವರು, ಅವರದು 19 ವರ್ಷ. ಇಷ್ಟು ಕಾಲ ಒಬ್ಬರೂ ಕದಲದೆ ನಿಂತ ಜಾಜ್ ಮೇಳ ಅಪರೂಪ.

"ನಮಗೂ ಜಾಜಿಗೂ ಏನಪ್ಪ ಸಂಬಂಧ?" ಎಂದು ಬಾಗಿಲಲ್ಲೇ ಒಬ್ಬ ಗೆಳೆಯರು ಕೇಳಿದರು. ಸಂಗೀತ ಕೇಳುವುದಕ್ಕೆ ಸಂಬಂಧ ಬೇಕೆಂದು ನಮಗೆ ತೋರುವುದಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಾದ್ದು ಧರ್ಮ. ಈ ಮೇಳ ಹುಟ್ಟಿದ್ದು ದುಡಿಯುವವರ ಬಿಡುವಿನ ಹೊತ್ತಿನಲ್ಲಿ. ನಡೆದದ್ದು ಒಡೆಯನಿಲ್ಲದ ಪಾಲುಗಾರಿಕೆಯಲ್ಲಿ. ಮುರಿದದ್ದು ದುಡ್ಡಿನ ಮಾತಿಗೆ. ಇಲ್ಲಿ ಕೂತಿರುವ ಮಿಲ್ಲಿನವರಿಗೂ ಅಂಗಡಿಯವರಿಗೂ ಈ ಮೂರೂ ಹೊಸ ಮಾತಲ್ಲ.

1946ರಲ್ಲಿ ಡಿಜ್ಜಿ ಗಿಲೆಸ್ಪಿ ಎಂಬ ತುತ್ತೂರಿಗಾರರ ಹತ್ತಿರ ದೊಡ್ಡದೊಂದು ಬ್ಯಾಂಡಿತ್ತು. ಅವರು ಬರೆಸುತ್ತಿದ್ದ ಸಂಗೀತ ಬಹಳ ಎತ್ತರದ ಸ್ವರಗಳದು, ಬಹಳ ವೇಗದ್ದು. ತುತ್ತೂರಿ ಊದುವವರ ತುಟಿಗಳು ಊದಿ ಊದಿ ಬಾವು ಬರುತ್ತಿದ್ದವು. ಅವರಿಗೆ ವಿಶ್ರಾಂತಿ ಕೊಡಲೇಬೇಕು, ಆದರೆ ಜನ ಕಾಯುವುದಿಲ್ಲ. ಆಗ ಊದುವ ಕೆಲಸವಿಲ್ಲದ ನಾಲ್ವರು ಮುಂದೆ ಬಂದು ಸ್ವಲ್ಪ ಹೊತ್ತು ತಾವೇ ನುಡಿಸುತ್ತಿದ್ದರು: ಲೂಯಿಸ್, ಜ್ಯಾಕ್ಸನ್, ಬಾಸ್ ನುಡಿಸುವ ರೇ ಬ್ರೌನ್, ಡ್ರಮ್ಮಿನ ಕೆನ್ನಿ ಕ್ಲಾರ್ಕ್. ಇತರರು ಬೆವರು ಒರೆಸಿಕೊಳ್ಳುವಾಗ ತುಂಬುವ ಕೆಲಸ. ಆ ತುಂಬುವ ಕೆಲಸವೇ ಮುಂದೆ ಇವರ ಬಾಳಿನ ಕಸುಬಾಯಿತು.

1951ರಲ್ಲಿ ಇವರು ಕೆಲವು ತಟ್ಟೆ ಮುದ್ರಿಸಿದಾಗ ಮೇಳಕ್ಕೆ ಮಿಲ್ಟ್ ಜ್ಯಾಕ್ಸನ್ ಕ್ವಾರ್ಟೆಟ್ ಎಂಬ ಹೆಸರಿತ್ತು. ಆ ಕಾಲದ ಪದ್ಧತಿಯೇ ಹಾಗೆ. ಬ್ಯಾಂಡಿಗೆ ಒಬ್ಬ ನಾಯಕ, ಅವನದೇ ಹೆಸರು. ಕರಾರು ಅವನ ಕೈಯಲ್ಲಿ, ಉಳಿದವರಿಗೆ ಅವನು ಕೊಟ್ಟಷ್ಟು ಕೂಲಿ. 1952ರಲ್ಲಿ ಬ್ರೌನ್ ಹೋಗಿ ಅವರ ಜಾಗಕ್ಕೆ ಪರ್ಸಿ ಹೀತ್ ಬಂದರು. ಆಗ ಇವರು ಒಂದು ಕೆಲಸ ಮಾಡಿದರು. ಹೆಸರಿನ ಮೊದಲಕ್ಷರಗಳನ್ನು ಹಾಗೇ ಇಟ್ಟು ಅದರೊಳಗಿನ ಮನುಷ್ಯನನ್ನು ತೆಗೆದುಬಿಟ್ಟರು. ಎಂ, ಜೆ, ಕ್ಯೂ ಉಳಿಯಿತು. ಮಿಲ್ಟ್ ಜ್ಯಾಕ್ಸನ್ ಹೋಗಿ ಮಾಡರ್ನ್ ಜಾಜ್ ಬಂತು. ತನ್ನ ಹೆಸರು ಅಳಿಸುವಾಗ ಜ್ಯಾಕ್ಸನ್ ಮನಸ್ಸಿನಲ್ಲಿ ಏನಿತ್ತೋ ತಿಳಿಯದು. ಒಪ್ಪಿದರು, ಅಷ್ಟು ಸತ್ಯ.

ಕೆಲಸದ ಹಂಚಿಕೆಯನ್ನು ಕೇಳಿ. ಸಂಗೀತದ ಹೊಣೆ ಲೂಯಿಸ್‌ರದು. ಹೊರಗಿನವರೊಡನೆ, ಪತ್ರಿಕೆಯವರೊಡನೆ ಮಾತಾಡುವ ಹೊಣೆ ಜ್ಯಾಕ್ಸನ್‌ರದು. ಹಣಕಾಸಿನ ಪುಸ್ತಕ ಪರ್ಸಿ ಹೀತ್ ಕೈಯಲ್ಲಿ. ಪ್ರಯಾಣ, ಇಳಿದುಕೊಳ್ಳುವ ವ್ಯವಸ್ಥೆ ಮೊದಲು ಕ್ಲಾರ್ಕ್‌ರದು, ಆಮೇಲೆ ಕಾನಿ ಕೇಯವರದು. ಯಜಮಾನನಿಲ್ಲ. ಸಂತೆಯಲ್ಲಿ ನಾಲ್ವರು ಕೂಡಿ ಜವಳಿ ಅಂಗಡಿ ಇಟ್ಟರೆ ಒಬ್ಬ ಗಲ್ಲಾದ ಮೇಲೆ, ಒಬ್ಬ ಗಾಡಿಯ ಜೊತೆ, ಒಬ್ಬ ಗಿರಾಕಿಯ ಮುಂದೆ ಇರುವುದಿಲ್ಲವೆ, ಹಾಗೆ.

ಪರ್ಸಿ ಹೀತ್ ವಿಷಯ ಒಂದು ಮಾತು. ಇವರು ಎರಡನೆಯ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಲು ತರಬೇತು ಪಡೆದವರು. ಕರಿಯರನ್ನು ಬಿಳಿಯರ ಜೊತೆ ಕೂಡಿಸಬಾರದೆಂದು ಟಸ್ಕೀಗಿಯಲ್ಲಿ ಬೇರೆಯೇ ಒಂದು ಶಾಲೆ ನಡೆಸಿದರಲ್ಲ, ಅಲ್ಲಿ. ಯುದ್ಧ ಮುಗಿಯಿತು. ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಆಗ ಕರಿಯ ಪೈಲಟನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಸೈನ್ಯದಿಂದ ಬಿಡುಗಡೆಯಾಗಿ ಬಂದು ಒಂದು ಬಾಸ್ ಪಿಟೀಲು ಕೊಂಡು ಕಲಿಯಲು ಕೂತರು. ಆಳೆತ್ತರದ ಪಿಟೀಲು ಅದು. ನಿಂತು ಬೆರಳಿನಿಂದ ಮೀಟಬೇಕು. ಹಾಡಿನ ಕೆಳಗೆ ಒಂದೊಂದೇ ಸ್ವರ ಹೆಜ್ಜೆಯಿಟ್ಟಂತೆ ಬರುತ್ತದೆ. ತಟ್ಟೆ ಹಾಕಿದಾಗ ಮೊದಮೊದಲು ನಿಮಗೆ ಅದು ಕೇಳಿಸಲಿಕ್ಕಿಲ್ಲ. ಆದರೆ ಅದು ನಿಂತರೆ ತಕ್ಷಣ ಗೊತ್ತಾಗುತ್ತದೆ, ಮಿಲ್ಲಿನಲ್ಲಿ ಇಂಜಿನ್ ನಿಂತಂತೆ.

ವೈಬ್ರಾಫೋನ್ ನಮ್ಮಲ್ಲಿ ಬಹಳ ಜನ ನೋಡದ ವಾದ್ಯ. ಜಲತರಂಗ ನೋಡಿದ್ದೀರಿ, ಬಟ್ಟಲುಗಳ ಬದಲು ಲೋಹದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದಂತೆ ಭಾವಿಸಿ. ತುದಿಗೆ ನೂಲು ಸುತ್ತಿದ ಕೋಲುಗಳಿಂದ ಬಾರಿಸುತ್ತಾರೆ. ಪ್ರತಿ ಪಟ್ಟಿಯ ಕೆಳಗೆ ಒಂದು ಕೊಳವೆ, ಕೊಳವೆಯ ಬಾಯಲ್ಲಿ ಒಂದು ಬಿಲ್ಲೆ. ಬಿಲ್ಲೆಗಳೆಲ್ಲ ಒಂದು ಶಾಫ್ಟಿಗೆ ಸೇರಿವೆ. ಶಾಫ್ಟನ್ನು ಬೆಲ್ಟು ಹಾಕಿದ ವಿದ್ಯುತ್ ಮೋಟಾರು ತಿರುಗಿಸುತ್ತದೆ. ಬಿಲ್ಲೆ ತಿರುಗಿದಂತೆ ಕೊಳವೆಯ ಬಾಯಿ ತೆರೆದು ಮುಚ್ಚುತ್ತದೆ, ನಾದ ಅಲೆ ಅಲೆಯಾಗಿ ಬರುತ್ತದೆ. ಮಿಲ್ಲಿನವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಜ್ಯಾಕ್ಸನ್‌ಗಿಂತ ಮೊದಲು ಈ ವಾದ್ಯದಲ್ಲಿ ಹೆಸರಾದ ಲಯನಲ್ ಹ್ಯಾಂಪ್ಟನ್ ಬಿಲ್ಲೆಯನ್ನು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗಿಸುತ್ತಿದ್ದರಂತೆ. ಜ್ಯಾಕ್ಸನ್ ಮೋಟಾರಿನ ವೇಗವನ್ನು ಇಳಿಸಿ 3 ಸುತ್ತಿನ ಆಸುಪಾಸಿಗೆ ತಂದರು. ಅಷ್ಟೇ ಬದಲಾವಣೆ. ತಗಡಿನ ಗಡಗಡ ಹೋಗಿ ಮನುಷ್ಯನ ಕಂಠದ ಕಂಪನ ಬಂತು. ಅವರು ಹುಡುಗನಾಗಿದ್ದಾಗ ಡೆಟ್ರಾಯಿಟಿನಲ್ಲಿ ಭಜನೆಯ ತಂಡದಲ್ಲಿ ಹಾಡಿದವರು. ಲೋಹದಲ್ಲೂ ಅದನ್ನೇ ಹಾಡಿಸಿದರು.

ಜಾನ್ ಲೂಯಿಸ್ ಸ್ವಭಾವ ಬೇರೆ. ವಿಶ್ವವಿದ್ಯಾಲಯದಲ್ಲಿ ಓದಿದವರು, ಬಾಕ್‌ನ ಕಾಲದ ಯೂರೋಪಿನ ಸಂಗೀತವನ್ನು ಮನನ ಮಾಡಿದವರು, ಮಾತು ಕಡಿಮೆ. ಜ್ಯಾಕ್ಸನ್ ನುಡಿಸುವಾಗ ಹಿಂದಿನಿಂದ ಗದ್ದಲವಾಗಿ ಶ್ರುತಿ ಕೊಡುವುದನ್ನು ಬಿಟ್ಟು ಒಂಟಿ ಬೆರಳಿನಲ್ಲಿ ಇನ್ನೊಂದು ಚಿಕ್ಕ ರಾಗ ನೇಯುತ್ತಾರೆ. ಜ್ಯಾಕ್ಸನ್ ಉದ್ದ ನೂಲಾದರೆ ಲೂಯಿಸ್ ಅಡ್ಡ ನೂಲು. ಕಾನಿ ಕೇಯವರಂತೂ ಡ್ರಮ್ ಬಾರಿಸುತ್ತಾರೋ ತಟ್ಟಿ ಮಲಗಿಸುತ್ತಾರೋ ತಿಳಿಯದು. ತಾಳ, ಚಿಕ್ಕ ಗಂಟೆ, ಕಬ್ಬಿಣದ ತ್ರಿಕೋನ, ಇಂಥವುಗಳ ಮೇಲೆಯೇ ಅವರಿಗೆ ಪ್ರೀತಿ. ಅವರ ಹಿಂದಿನವರಾದ ಕ್ಲಾರ್ಕ್‌ಗೆ ಈ ಹದ್ದುಬಸ್ತು ಹಿಡಿಸದೆ ಮೇಳ ಬಿಟ್ಟು ಪ್ಯಾರಿಸ್ಸಿಗೆ ಹೋಗಿ ನೆಲೆಸಿದರು.

ಉಡುಪಿನ ಮಾತು ಹೇಳದೆ ಬಿಡಲಾಗದು, ಏಕೆಂದರೆ ಇವರನ್ನು ಹಾಸ್ಯ ಮಾಡಿದವರು ಮೊದಲು ಎತ್ತಿಕೊಂಡದ್ದು ಅದನ್ನೇ. ನಾಲ್ವರೂ ಕರಿಯ ಕೋಟು, ಮಡಿ ಅಂಗಿ, ಕುತ್ತಿಗೆಗೆ ಬಿಲ್ಲಿನಂಥ ಟೈ ಕಟ್ಟಿ ಬರುತ್ತಿದ್ದರು. ಸಾಲಾಗಿ ಬಂದು ತಲೆಬಾಗಿ ನಮಸ್ಕರಿಸುತ್ತಿದ್ದರು. ಬಿಳಿಯರ ಆಸ್ಥಾನ ಸಂಗೀತವನ್ನು ಅನುಕರಿಸುತ್ತಾರೆ ಎಂದು ಕೆಲವು ವಿಮರ್ಶಕರು ಬರೆದರು. ಆ ವಿಮರ್ಶಕರು ಆಗಿನ ಸ್ಥಿತಿಯನ್ನು ಮರೆತಿದ್ದರೆಂದು ನಮ್ಮ ಅಭಿಪ್ರಾಯ. ನ್ಯೂಯಾರ್ಕಿನಲ್ಲಿ 1940ರಿಂದ 1967ರವರೆಗೆ ಒಂದು ಕಾಯಿದೆ ಇತ್ತು. ಮದ್ಯ ಮಾರುವ ಜಾಗದಲ್ಲಿ ವಾದ್ಯ ನುಡಿಸುವವನು ಪೋಲೀಸರ ಹತ್ತಿರ ಹೋಗಿ ಬೆರಳಚ್ಚು ಕೊಟ್ಟು ಒಂದು ಚೀಟಿ ಪಡೆಯಬೇಕು. ಚೀಟಿ ಕಿತ್ತುಕೊಂಡರೆ ಆ ಊರಿನ ಕ್ಲಬ್ಬುಗಳಲ್ಲಿ ಅನ್ನ ಹೋಯಿತು. ಥೆಲೋನಿಯಸ್ ಮಂಕ್‌ನಂಥ ದೊಡ್ಡ ಸಂಗೀತಗಾರನ ಚೀಟಿಯನ್ನು 1951ರಲ್ಲಿ ಕಿತ್ತುಕೊಂಡು ಆರು ವರ್ಷ ಕೊಡಲಿಲ್ಲ. ಗ್ಲಾಸಿನ ಸದ್ದು, ಕುಡಿದವರ ಹರಟೆ, ಹಿಂದೆ ಪೋಲೀಸಿನ ಚೀಟಿ, ಇದರ ನಡುವೆ ಜಾಜ್ ನುಡಿಸಬೇಕಿತ್ತು. ಇದನ್ನು ಬಿಟ್ಟು ಜನ ಸುಮ್ಮನೆ ಕೂತು ಕೇಳುವ ಸಭಾಭವನಕ್ಕೆ ನಮ್ಮ ಸಂಗೀತವನ್ನು ತರುತ್ತೇವೆ ಎಂದು ಈ ನಾಲ್ವರು ಹೊರಟರು. ಆ ಬಾಗಿಲಲ್ಲಿ ಕೋಟೂ ಒಂದು ಮಾತನ್ನು ಆಡುತ್ತಿತ್ತು. ವಾರಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಮುಖ್ಯ ಬೀದಿಯಲ್ಲಿ ನಡೆಯುವ ಕಾರ್ಮಿಕನನ್ನು ಕಂಡು "ಏನು ದೊರೆ!" ಎಂದು ಕುಟುಕುವವರು ನಮ್ಮಲ್ಲೂ ಇಲ್ಲವೆ?

ಇನ್ನು ಮುರಿದ ಮಾತು.

1960ರ ದಶಕ ಬಂತು. ಗಿಟಾರು ಹಿಡಿದ ಹುಡುಗರ ಕಾಲ. ಬೀಟಲ್ಸ್ ಎಂಬ ಇಂಗ್ಲೆಂಡಿನ ನಾಲ್ವರು ತಮ್ಮದೇ ಆಪಲ್ ಎಂಬ ತಟ್ಟೆ ಕಂಪನಿ ತೆರೆದಾಗ ಈ ನಮ್ಮ ನಾಲ್ವರೂ ಅಲ್ಲಿ ಎರಡು ತಟ್ಟೆ ಮಾಡಿದರೆಂಬುದು ವಿಚಿತ್ರವಾದರೂ ನಿಜ. ಆದರೆ ಒಂದೇ ಕಂಪನಿಯ ತಟ್ಟೆಯಾದರೂ ಬರುವ ಹಣ ಒಂದೇ ಅಲ್ಲವಲ್ಲ. ನಿನ್ನೆ ಮೊನ್ನೆ ವಾದ್ಯ ಹಿಡಿದವರು ಒಂದು ರಾತ್ರಿಗೆ ರಾಶಿ ಹಣ ಎಣಿಸುವುದನ್ನು ಜ್ಯಾಕ್ಸನ್ ಕಂಡರು. ತಾವು ಇಪ್ಪತ್ತು ವರ್ಷ ಊರೂರು ಸುತ್ತಿ, ಲೋಕವೆಲ್ಲ ಹೊಗಳಿಸಿಕೊಂಡು, ಕೈಗೆ ಬಂದದ್ದೆಷ್ಟು ಎಂದು ಲೆಕ್ಕ ಹಾಕಿದರು. ಲೂಯಿಸ್‌ರ ಶಿಸ್ತಿನಲ್ಲಿ ತಮ್ಮ ಕೈ ಕಟ್ಟಿದೆ ಎಂಬ ಬೇಸರವೂ ಇತ್ತು. ಬೇಸಿಗೆಯ ಬಿಡುವಿನಲ್ಲಿ ಬೇರೆಯವರೊಡನೆ ನುಡಿಸಿ ಆ ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದರು. ಆದರೆ ಹಣವೇ ಮುಖ್ಯ ಕಾರಣವೆಂಬುದನ್ನು ಅವರು ಮುಚ್ಚಿಡಲಿಲ್ಲ. 1974ರಲ್ಲಿ, 51ನೆಯ ವಯಸ್ಸಿನಲ್ಲಿ, ನಾನು ಹೊರಡುತ್ತೇನೆ ಎಂದರು. ಅವರಿಲ್ಲದೆ ಮೇಳವಿಲ್ಲ. ಉಳಿದವರು ಬೇರೆಯವರನ್ನು ತಂದು ಕೂಡಿಸಿ ಅದೇ ಹೆಸರಿನಲ್ಲಿ ನಡೆಸಲಿಲ್ಲ, ಬಾಗಿಲು ಹಾಕಿದರು.

ಜ್ಯಾಕ್ಸನ್‌ಗೆ ಹಣದಾಸೆ ಎಂದು ಅಂದವರುಂಟು. ನಾವು ಈ ಮಾತನ್ನು ಒಪ್ಪುವುದಿಲ್ಲ. ಕಲಾವಿದ ಹಣ ಕೇಳಬಾರದು, ಕೇಳಿದರೆ ಕಲೆ ಮೈಲಿಗೆಯಾಗುತ್ತದೆ ಎಂಬ ಮಾತು ಸಾಮಾನ್ಯವಾಗಿ ಹಣ ಕೊಡಬೇಕಾದವರ ಬಾಯಿಂದ ಬರುತ್ತದೆ. ವೈಬ್ರಾಫೋನ್ ಬಾರಿಸುವವನ ಮನೆಗೂ ಬಾಡಿಗೆ ಕಟ್ಟುವ ತಾರೀಖು ಉಂಟು. ಹಾಗೆಂದು ಲೂಯಿಸ್‌ರದು ತಪ್ಪೆಂದೂ ಹೇಳಲು ನಮ್ಮಿಂದಾಗದು. ಅವರು ಯಾರ ಪಾಲನ್ನೂ ತಿಂದವರಲ್ಲ. ಈ ಮನೆಯೊಳಗೆ ಯಜಮಾನನಿರಲಿಲ್ಲ ನಿಜ. ಆದರೆ ಮನೆ ನಿಂತದ್ದು ಸಂತೆಯ ನಡುವೆ. ತಟ್ಟೆ ಮಾರುವವನು, ಸಭಾಭವನ ಬಾಡಿಗೆಗೆ ಕೊಡುವವನು, ಟಿಕೇಟು ಕೊಳ್ಳುವ ಜನದ ಚಪಲ, ಇವು ಮೂರೂ ಹೊರಗಿದ್ದವು. ಒಳಗೆ ಎಷ್ಟೇ ನ್ಯಾಯವಾಗಿ ಹಂಚಿದರೂ ಹೊರಗಿನಿಂದ ಬಂದದ್ದು ನಾಲ್ಕು ಸೇರಾದರೆ ಪಾಲಿಗೆ ಒಂದೇ ಸೇರು. ಸಹಕಾರ ಸಂಘ ನಡೆಸಿದವರಿಗೆ ಈ ಸಂಕಟ ಗೊತ್ತು. ಹಂಚುವ ನ್ಯಾಯ ಒಂದು, ಗಳಿಸುವ ಬಲ ಇನ್ನೊಂದು. ಪರ್ಸಿ ಹೀತ್ ಪುಸ್ತಕದಲ್ಲಿ ಲೆಕ್ಕ ತಪ್ಪಿತ್ತೆಂದು ಯಾರೂ ಹೇಳಿಲ್ಲ.

ನಮ್ಮ ಅನುಭವವೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರೊಡನೆ ಕೂಡಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೆವು. ಎರಡು ದೀಪಾವಳಿ ಕಂಡಿತು, ಮೂರನೆಯದು ಕಾಣಲಿಲ್ಲ. ಲೆಕ್ಕದಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಆದರೆ ನಾಲ್ಕು ಸಂಸಾರ ಅದರಲ್ಲಿ ಬದುಕುವಂತಿರಲಿಲ್ಲ, ಒಬ್ಬನಿಗೆ ಹೊರಗಡೆ ಒಳ್ಳೆಯ ಕೆಲಸ ಸಿಕ್ಕಿತು. ಕೊನೆಯ ದಿನ ಪಾನಾ, ಪಂಪು, ಟ್ಯೂಬುಗಳನ್ನು ಹಂಚಿಕೊಂಡು ಬೀಗದ ಕೈಯನ್ನು ಮನೆಯವನಿಗೆ ಒಪ್ಪಿಸುವಾಗ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಟವನಿಗೆ "ಹೋಗಿ ಬಾ" ಎಂಬ ಒಂದು ಮಾತನ್ನೂ ನಾವು ಹೇಳಲಿಲ್ಲ. ಇಂದಿಗೂ ಅದು ಗಂಟಲಲ್ಲಿ ಕೂತಿದೆ.

ಆದ್ದರಿಂದಲೇ ಈ ತಟ್ಟೆಯನ್ನು ಮೊದಲ ಸಲ ಕೇಳುವಾಗ ನಾವು ಸಂಗೀತಕ್ಕಿಂತ ಹೆಚ್ಚಾಗಿ ಜಗಳಕ್ಕೆ ಕಿವಿಗೊಟ್ಟೆವು. ಎಲ್ಲಾದರೂ ಒಬ್ಬನು ಇನ್ನೊಬ್ಬನ ಮೇಲೆ ಬೀಳುತ್ತಾನೋ, ಎಲ್ಲಾದರೂ ಬೇಸತ್ತು ಕೈ ಸಡಿಲ ಬಿಡುತ್ತಾನೋ ಎಂದು. ಸ್ಟುಡಿಯೋದಲ್ಲಾದರೆ ತಪ್ಪಿದ್ದನ್ನು ಮತ್ತೆ ನುಡಿಸಿ ತಿದ್ದಬಹುದು. ಇದು ಸಭೆಯಲ್ಲಿ ಹಿಡಿದ ಮುದ್ರಣ. ಚಪ್ಪಾಳೆ ಸಮೇತ ಬಂದಿದೆ. ಅಡಗಿಸಿಡಲು ಜಾಗವಿಲ್ಲ. ನಮಗೆ ಸಿಕ್ಕಿದ್ದು ಬೇರೆ. ಜ್ಯಾಕ್ಸನ್ ತಮ್ಮ ಸರದಿಯಲ್ಲಿ ಹೊರಟರೆಂದರೆ ನಾಳೆ ಬಿಟ್ಟುಹೋಗುವ ಮನುಷ್ಯ ಇವರೇ ಎಂದು ಯಾರೂ ಹೇಳಲಾರರು. ಲೂಯಿಸ್ ಹಿಂದಿನಿಂದ ಅದೇ ಅಡ್ಡ ನೂಲನ್ನು ಬಿಡದೆ ಕೊಡುತ್ತಾರೆ. ಇವರು ಬಿಟ್ಟ ಸಂದಿನಲ್ಲಿ ಅವರು, ಅವರು ಬಿಟ್ಟಲ್ಲಿ ಇವರು. ನಾವು ಹೇಳದೆ ಬಿಟ್ಟ "ಹೋಗಿ ಬಾ" ಇದೇ ಇರಬೇಕೆಂದು ನಮಗೆ ತೋರಿತು. ತಟ್ಟೆ ಮುಗಿದು ಮುಳ್ಳು ಸುಮ್ಮನೆ ತಿರುಗುತ್ತಿದ್ದರೂ ಎದ್ದು ತೆಗೆಯಲು ಮನಸ್ಸಾಗಲಿಲ್ಲ.

ಕೇಳುವ ಬಗೆ ಸ್ವಲ್ಪ ಹೇಳಿಬಿಡುತ್ತೇವೆ. ಮೊದಲು ಎಲ್ಲರೂ ಕೂಡಿ ಹಾಡಿನ ಸೊಲ್ಲನ್ನು ನುಡಿಸುತ್ತಾರೆ. ಆಮೇಲೆ ಅದೇ ಆವರ್ತ ಸುತ್ತುತ್ತ ಇರುತ್ತದೆ, ಒಬ್ಬೊಬ್ಬರೇ ಅದರ ಮೇಲೆ ಮನೋಧರ್ಮ ನಡೆಸುತ್ತಾರೆ. ಕೊನೆಗೆ ಸೊಲ್ಲಿಗೆ ಹಿಂತಿರುಗುತ್ತಾರೆ. ಬ್ಲೂಸ್ ಎಂಬ ಬಗೆಯಲ್ಲಿ ಆವರ್ತಕ್ಕೆ ಸಾಮಾನ್ಯವಾಗಿ 12 ಭಾಗ, ಭಾಗಕ್ಕೆ ನಾಲ್ಕು ಪೆಟ್ಟು. ಬೆರಳಿನಲ್ಲಿ ಎಣಿಸಿಕೊಂಡರೆ ಎರಡನೆಯ ಸುತ್ತಿಗೆ ದಾರಿ ಸಿಗುತ್ತದೆ. ನಮ್ಮ ಕಚೇರಿ ಕೇಳಿ ಪಳಗಿದವರಿಗೆ ಕಷ್ಟವಾಗದು. ಬೇಸಿಗೆಯ ಮೇಲಿನ ಗರ್ಶ್‌ವಿನ್‌ರ ಪ್ರಸಿದ್ಧ ಹಾಡು, ಮಂಕ್‌ರ ನಡುರಾತ್ರಿಯ ಹಾಡು, ಹಳೆಯ ಯಜಮಾನ ಗಿಲೆಸ್ಪಿಯವರ ಟ್ಯುನೀಸಿಯಾ ರಾತ್ರಿ, ಇವೆಲ್ಲ ಆ ದಿನ ಬಂದವು.

'ಜ್ಯಾಂಗೊ' ಎಂಬುದೊಂದು ಉಂಟು. ಅದಕ್ಕೆ ಮಾತ್ರ ಪೀಠಿಕೆ ಬೇಕು. ಜ್ಯಾಂಗೊ ರೈನ್‌ಹಾರ್ಟ್ ಫ್ರಾನ್ಸಿನಲ್ಲಿ ಬಾಳಿದ ಅಲೆಮಾರಿ ರೋಮಾ ಜನಾಂಗದ ಗಿಟಾರು ವಾದಕ. 1928ರಲ್ಲಿ ಅವನ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಕೆಟ್ಟವು. ಉಳಿದ ಬೆರಳಿನಲ್ಲೇ ಹೊಸದಾಗಿ ನುಡಿಸುವುದನ್ನು ಕಲಿತು ಯೂರೋಪಿನ ಮೊದಲ ಜಾಜ್ ದಿಗ್ಗಜನಾದ. 1953ರಲ್ಲಿ ಅವನು ತೀರಿಕೊಂಡಾಗ ಜಾನ್ ಲೂಯಿಸ್ ಅವನ ನೆನಪಿಗೆ ಈ ಕೃತಿ ರಚಿಸಿದರು. 1954ರಲ್ಲಿ ಮೊದಲು ಮುದ್ರಿಸಿದರು. ನಿಧಾನವಾದ ಒಂದು ಸೊಲ್ಲು, ಹೆಣದ ಹಿಂದೆ ನಡೆಯುವವರ ಹೆಜ್ಜೆಯಂತೆ. ಆಮೇಲೆ ನಡೆ ಚುರುಕಾಗುತ್ತದೆ, ನಕ್ಕಂತೆಯೂ ಆಗುತ್ತದೆ. ಸತ್ತವನ ತಮಾಷೆಯ ಮಾತುಗಳನ್ನು ಮಸಣದ ದಾರಿಯಲ್ಲಿ ನೆನೆದುಕೊಂಡು ನಗುವುದು ನಮ್ಮಲ್ಲೂ ಇದೆ. ಕೊನೆಗೆ ಮತ್ತೆ ಅದೇ ನಿಧಾನದ ಸೊಲ್ಲು. ಈ ಕೃತಿಯನ್ನು ಇವರು ಇಪ್ಪತ್ತು ವರ್ಷ ಎಷ್ಟು ಊರುಗಳಲ್ಲಿ ನುಡಿಸಿದ್ದರೋ. ಆ ಸೋಮವಾರ ಅದನ್ನೇ ತಮಗಾಗಿ ನುಡಿಸಿಕೊಂಡರು. ಕೊನೆಯ ಸ್ವರಕ್ಕೆ ಜ್ಯಾಕ್ಸನ್ ಪಟ್ಟಿಗಳು ಅನುರಣಿಸುವಾಗ ದಯವಿಟ್ಟು ಯಾರೂ ಕೆಮ್ಮಬೇಡಿ.

ಆ ಮೇಲಿನ ಕಥೆ ಬೇಗ ಹೇಳುತ್ತೇವೆ. ಅಟ್ಲಾಂಟಿಕ್ ಕಂಪನಿ 1975ರಲ್ಲಿ ಕಚೇರಿಯ ಒಂದು ಭಾಗವನ್ನು ಎರಡು ತಟ್ಟೆಯಾಗಿ ಹೊರತಂದಿತು. ಉಳಿದದ್ದು ಹಲವು ವರ್ಷದ ಮೇಲೆ ಬಂತು. ಆ ಸಭಾಭವನದ ನಾದಗುಣ ಚೆನ್ನಾಗಿಲ್ಲವೆಂದು 1976ರಲ್ಲಿ ಒಳಗನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಿದರು. ಅಂಥ ಹಾಲಿನಲ್ಲಿ ಇಂಥ ನಾದ ತೆಗೆದ ನಾಲ್ವರಿಗೆ ಇನ್ನೂ ಎರಡು ಚಪ್ಪಾಳೆ ಸಲ್ಲಬೇಕು. ಪರ್ಸಿ ಹೀತ್ ತಮ್ಮಂದಿರ ಜೊತೆ ಮೇಳ ಕಟ್ಟಿದರು. ಲೂಯಿಸ್ ಕಾಲೇಜಿನಲ್ಲಿ ಪಾಠ ಹೇಳಿದರು. ಕಾನಿ ಕೇ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಡ್ರಮ್ ಬಾರಿಸಿದರು. ಜ್ಯಾಕ್ಸನ್ ತಮ್ಮ ಹೆಸರಿನಲ್ಲೇ ಊರೂರು ತಿರುಗಿದರು. ಏಳು ವರ್ಷ ಹೀಗೆ ಕಳೆದು 1981ರಲ್ಲಿ ನಾಲ್ವರೂ ಜಪಾನಿನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. ನಾಟಕ ಕಂಪನಿಯ ಕಾಗದದಂತೆಯೇ ಆಯಿತು ನೋಡಿ. ಆದರೆ ಈ ಸಲ ವರ್ಷವಿಡೀ ದುಡಿಯುವ ಕರಾರಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಕೂಡುವುದು, ಉಳಿದ ಕಾಲ ಅವರವರ ದಾರಿ. ಮೊದಲೇ ಇದು ಹೊಳೆಯಬಾರದಿತ್ತೆ ಎನಿಸುತ್ತದೆ. ನಮ್ಮ ಸೈಕಲ್ ಅಂಗಡಿಗೂ ಹೊಳೆಯಲಿಲ್ಲ.

ಕಾನಿ ಕೇ 1994ರಲ್ಲಿ ತೀರಿಕೊಂಡರು, ಜ್ಯಾಕ್ಸನ್ 1999ರಲ್ಲಿ, ಲೂಯಿಸ್ 2001ರಲ್ಲಿ. ಲೆಕ್ಕದ ಪುಸ್ತಕ ಹಿಡಿದಿದ್ದ ಪರ್ಸಿ ಹೀತ್ ಎಲ್ಲರಿಗಿಂತ ಕೊನೆಗೆ, 2005ರಲ್ಲಿ.

ರಾತ್ರಿ ಪಾಳಿಯವರು ಹತ್ತು ಗಂಟೆಗೆ ಹೊರಡಬೇಕು. ಅವರಿಗಾಗಿ 'ಜ್ಯಾಂಗೊ' ಇರುವ ಮೈಯನ್ನೇ ಮೊದಲು ಹಾಕುತ್ತೇವೆ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ. ಆ ಫ್ಯಾನನ್ನು ಸ್ವಲ್ಪ ನಿಲ್ಲಿಸಿ, ಸದ್ದು ಮಾಡುತ್ತದೆ.